ಮಣಿನಗರದ ದೋಸೆಗೆ ದ್ವೀಪದ ಬಾಲ

ನನ್ನ ಸೋದರಮಾವ ಅಹಮದಾಬಾದಿನ ಮಣಿನಗರದಲ್ಲಿದ್ದ ತಮ್ಮ ದೋಸೆ ಹೋಟೆಲಿಗೆ ಹಿಂದೂ ಮಹಾಸಾಗರದ ಒಂದು ದ್ವೀಪವನ್ನು ತಂದು ಕಟ್ಟಿದರು ಎಂದರೆ ನೀವು ನಂಬಬೇಕಾಗಿಲ್ಲ. ನಾನೇ ಎಷ್ಟೋ ಸಲ ನಂಬುವುದಿಲ್ಲ. ವಡೋದರಾದಲ್ಲಿ ತತ್ವಶಾಸ್ತ್ರದ ಎಂ.ಎ. ಓದುವಾಗ ಎಲ್ಲವನ್ನೂ ಅನುಮಾನಿಸುವುದನ್ನು ಕಲಿಸಿದ್ದರು. ಮೊದಮೊದಲು ದೇವರನ್ನು, ಸರ್ಕಾರವನ್ನು, ಕ್ಯಾಂಟೀನಿನ ಚಹಾವನ್ನು ಅನುಮಾನಿಸುತ್ತಿದ್ದೆ. ಈಗ ಬೇರೇನೂ ಉಳಿದಿಲ್ಲವಾದ್ದರಿಂದ ನನ್ನ ನೆನಪನ್ನೇ ಅನುಮಾನಿಸುತ್ತೇನೆ. ಆದ್ದರಿಂದ ಇಲ್ಲಿ ಬರುವ ಮಾತುಗಳಲ್ಲಿ ಒಂದೆರಡು ನಾನೇ ಸೇರಿಸಿದವು ಇರಬಹುದು. ದ್ವೀಪವನ್ನು ಮಾತ್ರ ನಾನು ಸೇರಿಸಿದ್ದಲ್ಲ. ಅದು ಅಟ್ಲಾಸಿನಲ್ಲಿದೆ. ಭೂತಗನ್ನಡಿ ಬೇಕು, ಅಷ್ಟೇ.

ಮಾವ ಕುಂದಾಪುರದ ಕಡೆಯವರು. ಪಕ್ಕದ ಮನೆಯ ಗೆಳೆಯನ ಜೊತೆ ಒಂದೇ ರೈಲಿನಲ್ಲಿ ಅಹಮದಾಬಾದಿಗೆ ಬಂದು, ಒಂದೇ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಇಬ್ಬರೂ ಸೇರಿ ರೈಲು ನಿಲ್ದಾಣದ ಹತ್ತಿರ ಸ್ವಂತ ಹೋಟೆಲು ಇಟ್ಟರು. ತೆರೆದ ದಿನ ಪಂಚಮಿಯಾಗಿತ್ತು, ಹೋಟೆಲಿನ ಹೆಸರೂ ಪಂಚಮಿಯೇ ಆಯಿತು. ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಇಬ್ಬರ ನಡುವೆ ಬೆಲ್ಲ ಬಂತು.

ಗುಜರಾತಿನ ನಾಲಗೆಗೆ ಸಾಂಬಾರು ಸಿಹಿಯಾಗಿರಬೇಕು. ಗೆಳೆಯ ಗಿರಾಕಿಗಳ ಮಾತು ಕೇಳಿ ಹಂಡೆಗೆ ಬೆಲ್ಲ ಹಾಕಿದರು. ಮಾವ ಅದನ್ನು ಸಾಂಬಾರೆಂದು ಒಪ್ಪಲಿಲ್ಲ. "ಇದನ್ನು ಪಾಯಸ ಅಂತ ಮಾರು, ನಾನು ಬೇಡ ಅನ್ನುದಿಲ್ಲ" ಎಂದರಂತೆ. ಗೆಳೆಯ ಸೌಟು ಕೆಳಗಿಟ್ಟು ರಸ್ತೆ ದಾಟಿದರು. ಎದುರಿಗೇ ಒಂದು ಅಂಗಡಿ ಹಿಡಿದರು, ಅದಕ್ಕೂ ಪಂಚಮಿ ಎಂದೇ ಬೋರ್ಡು ಹಾಕಿಸಿದರು. ಹೆಸರನ್ನು ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಎರಡೂ ಬೋರ್ಡುಗಳ ಕೆಳಗೆ ಒಂದೇ ಪೇಂಟರ್ ಒಂದೇ ಕೆಂಪು ಬಣ್ಣದಲ್ಲಿ ಗುಜರಾತಿಯಲ್ಲಿ ಬರೆದುಕೊಟ್ಟ ಸಾಲು: "ಅಮಾರಿ ಬೀಜಿ ಕೋಯಿ ಶಾಖಾ ನಥಿ." ನಮಗೆ ಬೇರೆ ಯಾವ ಶಾಖೆಯೂ ಇಲ್ಲ. ರಸ್ತೆಯ ಮಧ್ಯೆ ನಿಂತವನಿಗೆ ಎರಡೂ ಕಡೆಯಿಂದ ಒಂದೇ ಸಮಾಧಾನ ಸಿಗುತ್ತಿತ್ತು.

ಅಂದಿನಿಂದ ಮಾವನ ಬಾಯಲ್ಲಿ ಆ ಗೆಳೆಯನಿಗೆ ಹೆಸರಿಲ್ಲ. "ಎದುರಿನವ" ಅಷ್ಟೆ. ಆದರೆ ಎದುರಿನವ ಷಟರ್ ಎತ್ತಿದ ಸದ್ದು ಕೇಳಿಸುವ ತನಕ ಮಾವ ಬೆಳಗಿನ ಕಾಫಿ ಮುಟ್ಟುತ್ತಿರಲಿಲ್ಲ. ವೈರಿಯ ಸಮಯಪಾಲನೆಯ ಮೇಲೆ ಇಷ್ಟು ನಿಗಾ ಇಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮಣಿನಗರದಲ್ಲಿ ಒಂದು ಸೈಬರ್ ಕೆಫೆ ಬಂತು. ರೈಲ್ವೆಯಲ್ಲಿದ್ದ ಅಪ್ಪನ ದೆಸೆಯಿಂದ ನಾವು ವಡೋದರಾದಲ್ಲಿದ್ದೆವು. ನಾನು ರಜೆಗೆ ಮಾವನ ಮನೆಗೆ ಹೋಗುತ್ತಿದ್ದೆ. ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಕೂತು ವೆಬ್‌ಸೈಟಿನ ಪುಟ ಕಟ್ಟುವುದನ್ನು ಅಲ್ಪಸ್ವಲ್ಪ ಕಲಿತಿದ್ದೆ. ಅದು ಮಾವನಿಗೆ ಹೇಗೋ ತಿಳಿಯಿತು.

"ಅಳಿಯ, ಈ ಇಂಟರ್‌ನೆಟ್ಟಲ್ಲಿ ಒಂದು ಹೆಸರಿಗೆ ಒಬ್ಬನೇ ಯಜಮಾನ ಅಂತೆ, ಹೌದಾ?"

"ಹೌದು ಮಾವ."

"ಎದುರಿನವನಿಗೆ ಅದೇ ಹೆಸರು ಇಡ್ಲಿಕ್ಕೆ ಆಗುದಿಲ್ಲ?"

"ಆಗುವುದಿಲ್ಲ."

"ಹಾಗಾದ್ರೆ ಇವತ್ತೇ ತಕ್ಕೊಳ್ವ."

ತಕ್ಕೊಳ್ಳಲು ಹೋದೆವು. ಪಂಚಮಿ ಡಾಟ್ ಕಾಮ್ ಆಗಲೇ ಹೋಗಿತ್ತು. ಅಮೆರಿಕದಲ್ಲಿ ಮೇಣದಬತ್ತಿ ಮಾರುವ ಯಾರೋ ಅದನ್ನು ಹಿಡಿದು ಕೂತಿದ್ದರು. ಮಾವ ಪರದೆಯ ಮೇಲಿನ ಮೇಣದಬತ್ತಿಯನ್ನು ಬಹಳ ಹೊತ್ತು ನೋಡಿ, "ಇವರಿಗೆ ಪಂಚಮಿ ಯಾವತ್ತು ಅಂತಾದರೂ ಗೊತ್ತುಂಟಾ?" ಎಂದು ಕೇಳಿದರು. ನಾನು ವಿಷಯ ತಿಳಿಸಿದೆ: ಚುಕ್ಕೆಯ ನಂತರ ಕಾಮ್ ಒಂದೇ ಇರಬೇಕೆಂದಿಲ್ಲ, ಪ್ರತಿ ದೇಶಕ್ಕೂ ಎರಡೆರಡು ಅಕ್ಷರ ಹಂಚಿದ್ದಾರೆ, ಭಾರತಕ್ಕೂ ಇದೆ. ಆದರೆ ನಮ್ಮ ದೇಶದ ಅಕ್ಷರ ಬೇಕಾದರೆ ಸಂಸ್ಥೆಯ ಕಾಗದಪತ್ರ ತೋರಿಸಬೇಕು. ಪಂಚಮಿಯ ಕಾಗದಪತ್ರ ಇನ್ನೂ ಇಬ್ಬರ ಹೆಸರಿನಲ್ಲಿತ್ತು! ಸಹಿಗಾಗಿ ರಸ್ತೆ ದಾಟುವುದಕ್ಕಿಂತ ಸಮುದ್ರ ದಾಟುವುದು ಮಾವನಿಗೆ ಸುಲಭವಾಗಿ ಕಂಡಿತು.

ಅಲ್ಲಿಂದ ಮಾವನ ಬಾಲಶಾಸ್ತ್ರ ಶುರು. ಆ ಎರಡಕ್ಷರಕ್ಕೆ ಅವರು ಬಾಲ ಎಂದು ಹೆಸರಿಟ್ಟರು. ಗುಜರಾತಿನಲ್ಲಿ ಮನುಷ್ಯ ಸಿಕ್ಕಿದರೆ ಮೊದಲು ಕೇಳುವುದು ಅಡ್ಡಹೆಸರು. ಅದು ತಿಳಿದರೆ ಅವನ ಜಾತಕವೆಲ್ಲ ತಿಳಿದಂತೆ. ನಮ್ಮವರಿಗೆ ಅಡ್ಡಹೆಸರೆಲ್ಲಿದೆ? ಮಾವನ ಹೆಸರಿನ ಮುಂದೆ ಊರಿನ ಒಂದಕ್ಷರ ಇತ್ತು. ರೇಷನ್ ಕಾರ್ಡು ಮಾಡುವಾಗ ಗುಮಾಸ್ತರು ಅದನ್ನು ಪೂರ್ತಿ ಬಿಡಿಸಿ ಕೊನೆಗೆ ಸೇರಿಸಿದ್ದರು. ಆವತ್ತಿನಿಂದ ಇಡೀ ಬೀದಿಗೆ ಅವರು ಕುಂದಾಪುರಭಾಯಿ. "ಊರಲ್ಲಿ ನಮ್ಮ ಊರು ಹೆಸರಿನ ಮುಂದೆ ನಿಂತು ಎಳೀತದೆ. ಇಲ್ಲಿ ಹಿಂದೆ ನಿಂತು ನೂಕ್ತದೆ. ಕಂಪ್ಯೂಟರಲ್ಲೂ ಹಿಂದೆಯೇ. ಇದನ್ನು ಯಾರೋ ಗುಜರಾತಿಯವನೇ ಮಾಡಿದ್ದು" ಎನ್ನುವುದು ಅವರ ಸಿದ್ಧಾಂತ. ಇದನ್ನು ಖಂಡಿಸಲು ನಮ್ಮ ತತ್ವಶಾಸ್ತ್ರದಲ್ಲಿ ಏನೂ ಸಿಗಲಿಲ್ಲ.

ಹೋಟೆಲಿನ ಗಲ್ಲಾದ ಮೇಲೆ ಶಾಲೆಯ ಅಟ್ಲಾಸು ಬಂತು. ಮಾವ ಇಡೀ ಬೀದಿಗೆ ಬಾಲ ಹಂಚತೊಡಗಿದರು. ಗಡಿಯಾರ ರಿಪೇರಿಯವನಿಗೆ ಸ್ವಿಟ್ಜರ್‌ಲೆಂಡ್. ಚಪ್ಪಲಿ ಅಂಗಡಿಗೆ ಇಟಲಿ. ಐಸು ತುರಿದು ಬರ್ಫದ ಗೋಲಾ ಮಾರುವವನಿಗೆ ಐಸ್‌ಲೆಂಡ್. ಗಡಿಯಾರದವನು ಗಾಬರಿಯಾಗಿ, "ಅವರ ಭಾಷೆ ಕಲಿಯಬೇಕಾಗುತ್ತದೆಯೇ?" ಎಂದು ಕೇಳಿದ. "ಬೇಡ. ಅವರ ಹಾಗೆ ಹೇಳಿದ ಟೈಮಿಗೆ ವಾಚು ವಾಪಸು ಕೊಟ್ಟರೆ ಸಾಕು" ಎಂದರು ಮಾವ. ಅವನು ಆ ಬಾಲ ಬೇಡವೆಂದ.

ಟೀವಿ ರಿಪೇರಿಯವನಿಗೆ ಅವರು ಆರಿಸಿದ್ದು ತುವಾಲು ಎಂಬ ಪುಟ್ಟ ದ್ವೀಪದೇಶ. "ಇವರ ಪಾಲಿಗೆ ಬಂದ ಎರಡಕ್ಷರ ನೋಡು, ಟಿ, ವಿ. ಇವರಿಗೆ ಇನ್ನು ದುಡಿಯುವ ಕಷ್ಟ ಇಲ್ಲ" ಎಂದಿದ್ದರು. ನಾವೆಲ್ಲ ನಕ್ಕೆವು. ಮುಂದೆ ಆ ದೇಶ ಆ ಎರಡಕ್ಷರವನ್ನು ಬಾಡಿಗೆಗೆ ಕೊಟ್ಟು ಒಳ್ಳೆಯ ಆದಾಯ ಕಂಡಿತು. ಮಾವ ಇದನ್ನು ಪೇಪರಿನಲ್ಲಿ ಬರುವ ಮೊದಲು ಹೇಳಿದ್ದೋ, ಬಂದ ಮೇಲೆ ಹೇಳಿದ್ದೋ? ಮೊದಲೇ ಎಂದು ಅವರು ಆಣೆ ಮಾಡುತ್ತಾರೆ. ನಾನು ಎಲ್ಲವನ್ನೂ ಅನುಮಾನಿಸಿದರೂ ಇದೊಂದರಲ್ಲಿ ಅವರನ್ನು ನಂಬುತ್ತೇನೆ. ವ್ಯಾಪಾರದ ಮೂಗು ಎಂಬುದೊಂದಿದೆ, ಅದು ಎಂ.ಎ. ಮಾಡಿದರೆ ಬರುವಂಥದ್ದಲ್ಲ.

ತಮಗೆ ಯಾವ ಬಾಲ ಎಂದು ಮಾವ ಬಹಳ ದಿನ ತೂಗಿದರು. ಕೊನೆಗೆ ಬೆರಳು ಇಟ್ಟದ್ದು ಕೊಕೊಸ್ ದ್ವೀಪಗಳ ಮೇಲೆ. ಆಸ್ಟ್ರೇಲಿಯಾದ ಕೈಕೆಳಗಿರುವ ಚೂರು ನೆಲ. ಬಾಲ ಎರಡು ಸಿ. ಕಾಗದಪತ್ರ ಏನೂ ಕೇಳುವುದಿಲ್ಲ.

"ಯಾಕೆ ಮಾವ, ಇದೇ ಯಾಕೆ?"

"ಎಂತ ಉಂಟು ಅಲ್ಲಿ, ಓದಿ ಹೇಳು."

"ತೆಂಗಿನಮರ. ಸಮುದ್ರ. ಮರಳು."

"ಮತ್ತೆಂತ ಬೇಕು? ತೆಂಗಿನಕಾಯಿ ಇದ್ದಲ್ಲಿ ಚಟ್ನಿ ಆಗ್ತದೆ. ಸಮುದ್ರವೂ ಬೇರೆಯದ್ದಲ್ಲ, ನಮ್ಮ ಊರಿನ ನೀರೇ ಅಷ್ಟು ದೂರ ಹೋಗಿರ್ತದೆ."

ನಾನು ತರ್ಕದ ಕೊನೆಯ ಬಾಣ ಬಿಟ್ಟೆ. "ಮಾವ, ಎದುರಿನವರು ಇದೇ ಹೆಸರಿಗೆ ಬೇರೆ ದೇಶದ ಬಾಲ ಹಾಕಿಸಿಕೊಂಡರೆ?"

ಮಾವ ತಲೆ ಎತ್ತಲಿಲ್ಲ. "ಅವನಿಗೆ ಅಟ್ಲಾಸು ನೋಡ್ಲಿಕ್ಕೆ ಬರುದಿಲ್ಲ."

ಶುಲ್ಕವನ್ನು ಡಾಲರಿನಲ್ಲಿ ಕಟ್ಟಬೇಕಿತ್ತು. ಡಾಲರಿನಲ್ಲಿ ನಡೆಯುವ ಕಾರ್ಡು ನಮ್ಮವರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲು ಇಟ್ಟಿದ್ದ ಒಬ್ಬ ಶೇಠ್ ಇದ್ದರು. ರಫ್ತಿನ ವ್ಯಾಪಾರ, ಆದ್ದರಿಂದ ಕಾರ್ಡು ಇತ್ತು. ಅಹಮದಾಬಾದಿಗೆ ಬಂದಾಗಲೆಲ್ಲ ಮಾವನ ದೋಸೆ ತಿನ್ನದೆ ಹೋಗುತ್ತಿರಲಿಲ್ಲ. ಮಾವ ಇಡ್ಲಿಯ ಡಬ್ಬಿ ಹಿಡಿದು ರೈಲು ಹತ್ತಿದರು, ವಡೋದರಾದಲ್ಲಿ ನಾನು ಸೇರಿಕೊಂಡೆ.

ಮಿಲ್ಲಿನ ಚರಂಡಿಯಲ್ಲಿ ಆ ದಿನ ನೇರಳೆ ಬಣ್ಣದ ನೀರು ಹರಿಯುತ್ತಿತ್ತು. ಶೇಠ್ ಇಡ್ಲಿ ತಿನ್ನುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು. ಮಾತುಕತೆ ಹಿಂದಿಯಲ್ಲಿ.

"ಅಣ್ಣಾ, ಆ ದೇಶದಲ್ಲಿ ಸೇಲ್ಸ್ ಟ್ಯಾಕ್ಸ್ ಎಷ್ಟು?"

"ನಮ್ಮ ದೋಸೆ ಅಲ್ಲಿಗೆ ಹೋಗುವುದಿಲ್ಲ ಶೇಠ್."

"ದೋಸೆ ಹೋಗದಿದ್ದರೆ ವಿಳಾಸ ಯಾಕೆ ಹೋಗಬೇಕು?"

"ನಿಮ್ಮ ಸೀರೆ ಹುಟ್ಟುವುದು ಇದೇ ಪಾಂಡೇಸರಾದಲ್ಲಿ. ಅಂಚಿಗೆ ಜಪಾನಿನ ಹೆಸರು ಯಾಕೆ ಹಾಕುತ್ತೀರಿ?"

ಶೇಠ್ ಹೊಟ್ಟೆ ಕುಲುಕಿಸಿ ನಕ್ಕು ಕಾರ್ಡು ತೆಗೆದರು. ಕೆಲಸ ಆಯಿತು. ನಮ್ಮ ಪಂಚಮಿಗೆ ದ್ವೀಪದ ಬಾಲ ಬಂತು. ಮಾವನ ಮುಖ ನೋಡಬೇಕಿತ್ತು; ಹೆಸರು ಗೆದ್ದ ಮುಖ. "ಇನ್ನು ನಿಜವಾದ ಪಂಚಮಿ ಒಂದೇ" ಎಂದರು. ಆಗ ಶೇಠ್ ಕೈ ಒರೆಸಿಕೊಳ್ಳುತ್ತ ಹೇಳಿದರು:

"ಒಂದು ಮಾತು ಅಣ್ಣಾ. ಈ ಜಗಳದಲ್ಲಿ ಎದುರಿನ ಅಂಗಡಿ ಮುಚ್ಚಿಸಬೇಡಿ. ನಿಮ್ಮಲ್ಲಿ ದೋಸೆ ತಿಂದು ನಾನು ಸಾಂಬಾರಿಗೆ ಅಲ್ಲಿಗೇ ಹೋಗುವುದು."

"ಅಲ್ಲಿಗೆ?"

"ನಾನೊಬ್ಬನೇ ಅಲ್ಲ, ಎಲ್ಲರೂ. ದೋಸೆ ಈ ಕಡೆ, ಸಾಂಬಾರು ಆ ಕಡೆ. ಇಷ್ಟು ವರ್ಷದಿಂದ ಹೀಗೇ. ನಿಮಗೆ ಗೊತ್ತಿರಲಿಲ್ಲವೇ?"

ಗೊತ್ತಿರಲಿಲ್ಲ. ಗಲ್ಲಾದಲ್ಲಿ ಕೂತವರಿಗೆ ಗಿರಾಕಿ ಹೊರಗೆ ಹೋಗುವುದು ಕಾಣುತ್ತದೆ, ಎಲ್ಲಿಗೆ ಎಂದು ನೋಡಲು ರಸ್ತೆಯ ಆಚೆ ಕಣ್ಣು ಹಾಯಿಸಬೇಕು. ಮಾವ ಆ ಕಡೆ ನೋಡುವುದನ್ನು ಬಿಟ್ಟಿದ್ದರಲ್ಲ! ಸದ್ದು ಕೇಳಿಸಿಕೊಳ್ಳುತ್ತಿದ್ದರು ಅಷ್ಟೆ.

ವಾಪಸು ಬರುವ ರೈಲಿನಲ್ಲಿ ಮಾವ ಖಾಲಿ ಇಡ್ಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ಏನಾದರೂ ಹೇಳಬೇಕೆಂದು, ಗ್ರಂಥಾಲಯದಲ್ಲಿ ಓದಿಕೊಂಡು ಬಂದದ್ದನ್ನು ಹೇಳಿದೆ.

"ಮಾವ, ನಿಮ್ಮ ಕೊಕೊಸ್ ಒಂದು ದ್ವೀಪ ಅಲ್ಲ. ತುಂಬ ಚೂರುಗಳಿವೆ. ಜನ ಇರುವುದು ಎರಡರಲ್ಲಿ ಮಾತ್ರ. ಒಂದರ ಎದುರು ಒಂದು. ಮಧ್ಯೆ ನೀರು."

"ಎರಡಕ್ಕೂ ಬೇರೆಬೇರೆ ಬಾಲವಾ?"

"ಇಲ್ಲ, ಒಂದೇ."

ಭರೂಚ್ ದಾಟಿದ ಮೇಲಿರಬೇಕು, ಮಾವ ಕಿಟಕಿಯ ಕಡೆ ತಿರುಗಿಯೇ ಕೇಳಿದರು. "ದೋಣಿ ಉಂಟಾ?"

"ಏನು?"

"ಈ ಕಡೆಯವರು ಆ ಕಡೆ ಹೋಗ್ಲಿಕ್ಕೆ ದೋಣಿ ಉಂಟಾ ಕೇಳಿದ್ದು."

"ಉಂಟು ಮಾವ."

ಮುಂದಿನ ರಜೆಯಲ್ಲಿ ಕೆಫೆಯಲ್ಲಿ ಕೂತು ಪುಟ ಕಟ್ಟಿದೆವು. ಮೊದಲ ಸಾಲು ನನಗೆ ಗೊತ್ತೇ ಇತ್ತು. ನಮಗೆ ಬೇರೆ ಶಾಖೆಗಳಿಲ್ಲ ಎಂದು ಹೊಡೆಯಲು ಶುರು ಮಾಡಿದೆ. ಮಾವ ನನ್ನ ಕೈ ಹಿಡಿದರು.

"ಅಳಿಸು. ಹೀಗೆ ಬರಿ. ನಮಗೆ ಒಂದು ಶಾಖೆ ಉಂಟು. ರಸ್ತೆಯ ಆಚೆ. ಸಾಂಬಾರಿಗೆ ಅಲ್ಲಿಗೆ ಹೋಗಿ."

"ಮಾವ, ಅವರನ್ನು ಒಂದು ಮಾತು ಕೇಳಿದ್ದೀರಾ?"

"ದ್ವೀಪ ನನ್ನದು. ಯಾರನ್ನು ಬೇಕಾದ್ರೂ ಕೂರಿಸ್ತೇನೆ. ನೀನು ಬರಿ."

ಮಾರನೆಯ ದಿನ ಪೇಂಟರ್ ಏಣಿ ಹಾಕಿ, ಬೋರ್ಡಿನ ಕೆಂಪು ಸಾಲನ್ನು ಬಿಳಿ ಬಣ್ಣದಿಂದ ಮುಚ್ಚಿ, ಹೊಸ ಮಾತನ್ನೂ ಬಾಲ ಸಮೇತ ವಿಳಾಸವನ್ನೂ ಬರೆದ. ಎದುರಿನ ಹೋಟೆಲಿನ ಬಾಗಿಲಲ್ಲಿ ಒಬ್ಬರು ಕೈಯಲ್ಲಿ ಸೌಟು ಹಿಡಿದು, ಬರವಣಿಗೆ ಮುಗಿಯುವ ತನಕ ನಿಂತು ಓದಿದರು.

ಆಮೇಲೆ ರಸ್ತೆ ದಾಟಿದವರು ಯಾರು? ಅವರೇ ಬಟ್ಟಲಲ್ಲಿ ಸಾಂಬಾರು ಹಿಡಿದು ಬಂದರೆಂದು ನನ್ನ ನೆನಪು. ಅಲ್ಲ, ಮಾವನೇ ಬರಿಗಾಲಲ್ಲಿ ಓಡಿದ್ದು ಎಂದು ಅತ್ತೆ ಹೇಳುತ್ತಾರೆ. ಮಾವನನ್ನು ಕೇಳಿದರೆ, "ಯಾರಾದ್ರೆ ಎಂತ, ದೋಣಿ ಒಂದೇ" ಎನ್ನುತ್ತಾರೆ. ಇಬ್ಬರೂ ಎದುರುಬದುರು ಕೂತದ್ದು ಯಾವ ಅಂಗಡಿಯ ಮೇಜಿನಲ್ಲೋ, ಅದೂ ನನಗೆ ಖಾತ್ರಿಯಿಲ್ಲ. ಮಾತು ಮಾತ್ರ ಕಿವಿಯಲ್ಲಿದೆ.

"ಇದೆಂತ ಮಾರಾಯ, ಹೆಸರಿಗೆ ಬಾಲ?" ಎಂದರು ಗೆಳೆಯ.

"ದ್ವೀಪದ್ದು. ಜನ ಇರುವಂಥದ್ದು ಎರಡು."

"ನನ್ನದು ಯಾವುದು?"

"ಆಚೆಯದ್ದು."

ಅವರು ಬಟ್ಟಲನ್ನು ಮಾವನ ಮುಂದೆ ಸರಿಸಿದರು. ಮಾವ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, "ಬೆಲ್ಲ ಜಾಸ್ತಿ" ಎಂದರು. ಮತ್ತೆ ಬಟ್ಟಲು ಎತ್ತಿ ಪೂರ್ತಿ ಕುಡಿದರು. ಖಾಲಿಯಾದ ಬಟ್ಟಲನ್ನು, ಮುಖ ನೋಡದೆ, ಇನ್ನೊಮ್ಮೆ ಮುಂದೆ ಹಿಡಿದರು.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನಗೆ ಅನುಮಾನವಿಲ್ಲ.