ಪ್ರಿಂಟರ್ ಕೆಟ್ಟ ಮೂರು ಮನೆಗಳು

ಯಂತ್ರ ಕೆಟ್ಟರೆ ಕಾರಣ ಇದ್ದೇ ಇರುತ್ತದೆ ಎಂದು ಬಿ.ಎಸ್‌ಸಿ.ಯಲ್ಲಿ ಕಲಿತಿದ್ದೆ. ಅದು ಯಂತ್ರದೊಳಗೇ ಇರಬೇಕಾಗಿಲ್ಲ ಎಂಬುದನ್ನು ಮಂದಿಯ ಮನೆಗಳು ಕಲಿಸಿದವು, ಇನ್ನೂ ಕಲಿಸುತ್ತಲೇ ಇವೆ.

ಎಂಬತ್ತರ ದಶಕದ ಕೊನೆ. ಬೆಳಗಾವಿಯ ಸಣ್ಣ ಅಂಗಡಿಯೊಂದರಲ್ಲಿ ಪ್ರಿಂಟರ್ ರಿಪೇರಿಗೆ ಸೇರಿದೆ. ಮಾಲೀಕರು ಮೊದಲ ದಿನವೇ ಹೇಳಿದರು: "ಮೂರು ತಿಂಗಳು ನೋಡ್ತೀನಿ. ಒಂದ ಮನಿಗೆ ಮೂರು ಸರ್ತಿ ಹೋಗಿನೂ ರಿಪೇರಿ ಆಗಲಿಲ್ಲಂದ್ರ ನೌಕರಿ ಖಾಯಂ ಆಗೂದಿಲ್ಲ."

ಹುಳದ ಶಿಸ್ತು

ಟಿಳಕವಾಡಿಯ ಎಂಜಿನಿಯರ್ ಒಬ್ಬರ ಮನೆ. ಪ್ರಿಂಟರ್ ಸದ್ದು ಮಾಡುತ್ತಿತ್ತು, ಕಾಗದ ಸರಿಯುತ್ತಿರಲಿಲ್ಲ. ಹಲ್ಲಿನ ಗಾಲಿ ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ಗಾಲಿ ತಿರುಗಿತು, ಕಾಗದ ಕದಲಲಿಲ್ಲ. ಒಂದು ತಾಸಿನ ಮೇಲೆ ಕಾಗದವನ್ನೇ ನೋಡಿದೆ. ಎರಡೂ ಅಂಚಿನ ತೂತುಗಳು ಇರಲಿಲ್ಲ. ಗಾಲಿಯ ಹಲ್ಲು ಹಿಡಿದು ಎಳೆಯುವುದು ಆ ತೂತುಗಳನ್ನೇ.

"ಅಂಚು ಎಲ್ಲಿ ಹೋತ್ರೀ?"

ಎಂಜಿನಿಯರರ ಹೆಂಡತಿ ಹೇಳಿದರು: "ನಾನ ಕತ್ತರಿಸೀನ್ರಿ. ಅಂಗಡ್ಯಾಂವ ಹುಳ ತಿಂದ ಕಾಗದ ಕೊಟ್ಟಿದ್ದ. ಹುಳಾನೂ ಎಷ್ಟು ಶಿಸ್ತಿಂದು ನೋಡ್ರಿ, ಒಂದ ಸಾಲಿನ್ಯಾಗ ತಿಂದಿತ್ತು."

ಖಂಡೇಪೂಜೆಯ ಮರುದಿನ

ವಕೀಲರೊಬ್ಬರ ಮನೆ. ಹಿಂದಿನ ದಿನದ ಆಯುಧಪೂಜೆಗೆ ಪ್ರಿಂಟರಿಗೆ ವಿಭೂತಿ ಬಳಿದು ಚೆಂಡುಹೂ ಏರಿಸಿದ್ದರು. ಮುದ್ರಣ ಚುರುಕಾಗಿ ನಡೆಯಿತು, ಹೊರಬಂದ ಹಾಳೆ ಖಾಲಿ. ಅಕ್ಷರ ಬೆರಳಿಗೆ ತಾಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಅಕ್ಷರಕ್ಕೆ ಮಸಿ ಕೊಡುವ ರಿಬ್ಬನ್ ಹೊರತೆಗೆದೆ. ಅಷ್ಟು ಬೆಳ್ಳಗಿನ ರಿಬ್ಬನ್ನನ್ನು ನಾನು ಕಂಡಿರಲಿಲ್ಲ.

ವಕೀಲರ ತಂದೆ ಪಕ್ಕದಲ್ಲೇ ಕೂತಿದ್ದರು. "ಪೂಜಿಗೆ ಇಡೂ ಸಾಮಾನು ತೊಳೀಬೇಕೋ ಬ್ಯಾಡೋ? ಮೂರು ನೀರು ಹಾಕಿದ್ರೂ ಮಸಿ ಬಿಡವಲ್ದು. ಕಡೀಕ ಸೋಡಾ ಹಾಕಿ ಕುದಿಸೀನಿ."

ಹೊಸ ರಿಬ್ಬನ್ ಹಾಕಿದೆ. ಅದರ ಕಪ್ಪು ನೋಡಿ ಅವರು ಮುಖ ಸಿಂಡರಿಸಿದರು. "ಇದನ್ನೂ ತೊಳೀಲಾರದ ತಂದೀರಲ್ರಿ."

ಖಾನಾಪುರದ ಅವ್ವ

ಹೆಂಚಿನ ಕಾರಖಾನೆಯ ಯಜಮಾನರ ಮನೆ. ಅವರ ಪ್ರಿಂಟರ್ ಅರ್ಧ ಸಾಲಿಗೇ ನಿಲ್ಲುತ್ತದೆಂದು ದೂರು. ನಾನು ಹೋದಾಗ ನಿಲ್ಲಲಿಲ್ಲ. ವೋಲ್ಟೇಜ್ ಅಳೆದೆ, ಸರಿಯಿತ್ತು. ಬೆಳಗಾವಿಗೆ ಮರಳುವಷ್ಟರಲ್ಲಿ ಅಂಗಡಿಗೆ ಫೋನ್ ಬಂದಿತ್ತು: ಮತ್ತೆ ನಿಂತಿದೆ. ಎರಡನೇ ಸಲವೂ ಹಾಗೆಯೇ ಆಯಿತು.

ಮೂರನೇ ಸಲ, ಅದು ಕೆಡುವವರೆಗೆ ಏಳುವುದಿಲ್ಲವೆಂದು ಕೂತೆ. ಯಜಮಾನರ ತಾಯಿ ಚಹಾ ಕೊಟ್ಟರು. ಪ್ರಿಂಟರ್ ನಡೆಯಿತು. ಅವಲಕ್ಕಿ ಕೊಟ್ಟರು. ನಡೆಯಿತು. ಊಟ ಬಡಿಸಿದರು. ಆಗಲೂ ನಡೆಯಿತು. ಕೆಡದ ಯಂತ್ರವನ್ನು ರಿಪೇರಿ ಮಾಡುವುದು ಹೇಗೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನೌಕರಿ ಹೋಯಿತೆಂದುಕೊಂಡೆ.

ಮೂರು ಗಂಟೆಗೆ ಅವ್ವ ಮೆಲ್ಲಗೆ ಕೇಳಿದರು: "ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ. ಯಾವಾಗ ಹೊರಡ್ತಿ? ಬಾವಿ ಮೋಟರ್ ಹಚ್ಚಬೇಕಿತ್ತು."

"ಹಚ್ರಿ. ನಾ ಇದ್ರ ಏನಾತು?"

"ಮನಿಗೆ ಬಂದ ಪಾವಣೇರು ಕುಂತಾಗ ಹಚ್ಚಬಾರ್ದಪಾ. ಅದರ ಗದ್ದಲದಾಗ ಮಾತು ಕೇಳಸೂದಿಲ್ಲ."

ಕೈಮುಗಿದು ಹಚ್ಚಿಸಿದೆ. ವೋಲ್ಟೇಜ್ ಇಳಿದು ದೀಪ ಮಂಕಾಯಿತು. ಪ್ರಿಂಟರ್ ಅರ್ಧ ಸಾಲಿಗೆ ನಿಂತಿತು. ಅದು ಕೆಟ್ಟದ್ದಕ್ಕೆ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

"ಪ್ರಿಂಟ್ ತಗಿಯೂ ಹೊತ್ತಿಗೆ ಮೋಟರ್ ಬಂದ್ ಇಡ್ರಿ, ಅಷ್ಟ," ಎಂದೆ.

ರಿಪೇರಿ ಆಯಿತೆಂಬ ಚೀಟಿಗೆ ಯಜಮಾನರು ಸಹಿ ಹಾಕಿದರು. ಆದರೂ ಮುಖದಲ್ಲಿ ಚಿಂತೆ. "ಖರೇ ಐತ್ರಿ. ಆದರ ನಾ ಹೇಳಿದ್ರ ಅವ್ವ ಬಂದ್ ಮಾಡೂದಿಲ್ಲ. ಪಾವಣೇರು ಇದ್ರಷ್ಟ ಮಾಡ್ತಾಳ."

ನೌಕರಿ ಖಾಯಂ ಆಯಿತು. ಅಲ್ಲಿಂದ ಮುಂದೆ ಪ್ರತಿ ತಿಂಗಳ ಕೊನೆಗೆ, ಕಾರಖಾನೆಯ ಲೆಕ್ಕ ಮುದ್ರಿಸುವ ಹೊತ್ತಿಗೆ, ಖಾನಾಪುರದಿಂದ ಅಂಗಡಿಗೆ ಫೋನ್ ಬರುತ್ತಿತ್ತು: "ನಿಮ್ಮ ಹುಡುಗನ್ನ ಕಳಸ್ರಿ. ಮಷಿನ್ ಮುಟ್ಟೂದೇನೂ ಬ್ಯಾಡ. ಪ್ರಿಂಟ್ ಮುಗಿಯೂ ತನಕ ಪಡಸಾಲ್ಯಾಗ ಕುಂತರ ಸಾಕು."