ಅರವತ್ತು ಮೊಟ್ಟೆಗಳ ಪೆಟ್ಟಿಗೆಗೆ ಯಾರೂ ತಯಾರಕರಿಲ್ಲದ ಬಗ್ಗೆ

ಇಂದ,
ಅಕ್ಪೆನೆ ಡೊಗ್ಬೆ, ರೇಡಿಯೋ ರಿಪೇರಿ, ಅಗ್ಬೆಕೋಪೆ ಗ್ರಾಮ, ಘಾನಾ
(ಸದ್ಯಕ್ಕೆ ತಮ್ಮ ಠಾಣೆಯ ಬೆಂಚು)

ಗೆ,
ಮುಖ್ಯ ಸುಂಕಾಧಿಕಾರಿಗಳು, ಗಡಿ ಠಾಣೆ

ವಿಷಯ: ಕಾವುಪೆಟ್ಟಿಗೆಯನ್ನು ಗುರುವಾರದೊಳಗೆ, ಅಂದರೆ ಮೊಟ್ಟೆ ಒಡೆಯುವುದರೊಳಗೆ, ಬಿಟ್ಟುಕೊಡುವ ಕುರಿತು.
ಉಲ್ಲೇಖ: ‘ವಾರಸುದಾರರಿಲ್ಲದ ಮಾಲನ್ನು ಮೂವತ್ತು ದಿನಗಳ ನಂತರ ವಿಲೇವಾರಿ ಮಾಡಲಾಗುವುದು’ ಎಂಬ ತಮ್ಮ ಗೋಡೆಬರಹ.

ಮಾನ್ಯರೇ,

೧. ರೋಗ ಬಡಿದು ಊರಿನಲ್ಲಿ ಹನ್ನೊಂದು ಹೇಂಟೆ, ಒಂದು ಮುದಿ ಹುಂಜ ಮಾತ್ರ ಉಳಿದ ಕಾರಣ, ಊರವರು ಮಕ್ಕಳ ಬಾಯಿಗೂ ಹಾಕದೆ ಅರವತ್ತು ಮೊಟ್ಟೆ ಕೂಡಿಸಿ ಅರ್ಜಿದಾರಳ ಪೆಟ್ಟಿಗೆಯಲ್ಲಿಟ್ಟರು. ಹುಂಜ ಕಳೆದ ಭಾನುವಾರ ತೀರಿಕೊಂಡಿತು. ಆದ್ದರಿಂದ ಇನ್ನೊಂದು ಸಲ ಎಂಬ ಮಾತೇ ಇಲ್ಲ.

೨. ಹದಿನೇಳನೇ ದಿನ ಫ್ಯಾನು ಕೈಕೊಟ್ಟಿತು. ಕಾರಣ ಅರ್ಜಿದಾರಳು ಪೆಟ್ಟಿಗೆಯನ್ನು ಮೊಟ್ಟೆ, ಬ್ಯಾಟರಿ ಸಮೇತ ಹೊತ್ತು ಗಡಿಯಾಚೆಯ ಲೋಮೆಗೆ ಹೋಗಿ, ಗೆಳೆಯ ಕೋಜೋನಿಂದ ಹಳೆ ಕಂಪ್ಯೂಟರಿನ ಫ್ಯಾನು ಹಾಕಿಸಿಕೊಂಡು ಮರುದಿನ ವಾಪಸಾದಳು. ಆಗ ತಮ್ಮ ಸಿಬ್ಬಂದಿ ಶ್ರೀ ಅಮೂಜು ತಡೆದರು.

೩. “ಮಾಡಿದೋರ ಹೆಸರು ಹೇಳಕ್ಕಾ. ಒಂದೇ ಹೆಸರು. ಫಾರ್ಮಲ್ಲಿ ಒಂದೇ ಗೆರೆ ಇರೋದು.”

ಕೋಜೋಗೆ ಫೋನು ಹೋಯಿತು. “ನಂದೇನಿಲ್ಲ ಸ್ವಾಮಿ, ಹಳೇ ಫ್ರಿಜ್ಜಿನ ಡಬ್ಬ, ಒಂದು ಫ್ಯಾನು ಕೊಟ್ಟೆ ಅಷ್ಟೇ. ತಲೆ ಓಡಿಸಿದ್ದೆಲ್ಲ ಕುಮಾಸಿಯ ಬೋಆದಿ.”

ಬೋಆದಿ: “ಅಯ್ಯೋ, ನಾನು ಬರೀ ಬೆಸುಗೆ ಹಾಕಿದೋನು. ಕೊಟೊನೂನಲ್ಲಿ ಸೆನಾಮಿ ಅಂತ ಇದಾಳೆ, ಕೇಳಿ.”

ಸೆನಾಮಿ: “ನಾನೊಂದು ತಂತಿ ಸುತ್ತಿದೆ. ಎಲ್ಲಾ ನಮ್ಮ ಅಕ್ಪೆನೆ ಅಕ್ಕಂದೇ!”

ಶ್ರೀ ಅಮೂಜು ಪೆನ್ನು ಹಿಡಿದು ಅರ್ಜಿದಾರಳತ್ತ ತಿರುಗಿದರು. ನಮ್ಮ ಕೆಲಸಗಾರರಲ್ಲಿ ‘ನಾನೇ ಮಾಡಿದೆ’ ಎನ್ನುವವನಿಗೆ ಮುಂದೆ ಯಾರೂ ಸ್ಕ್ರೂ ಸಹ ಕೊಡುವುದಿಲ್ಲ. ಆ ರೂಢಿಯಲ್ಲಿ ಅರ್ಜಿದಾರಳ ಹಾಳು ಬಾಯಿಯೂ “ಛೆ ಛೆ, ನಂದಲ್ಲ” ಅಂದುಬಿಟ್ಟಿತು. ಮಾಡಿದವರೇ ಇಲ್ಲದ ಮಾಲಿಗೆ ಒಡೆಯರೂ ಇಲ್ಲವೆಂದು, ಕೂಡಲೇ ‘ವಾರಸುದಾರರಿಲ್ಲ’ ಎಂದು ಮೊಹರು ಬಿತ್ತು.

೪. ಅತ್ತೆಗೆ ಫೋನು ಮಾಡಿದಾಗ ಅವರು, “ಮೊಟ್ಟೆ ಮೇಲೆ ನೀನೇ ಕೂತಿದ್ರೂ ಇಷ್ಟು ಹೊತ್ತಿಗೆ ಮರಿಯಾಗ್ತಿತ್ತು. ಬರೋದಾದ್ರೆ ಮರಿ ಜೊತೆ ಬಾ, ಇಲ್ಲಾಂದ್ರೆ ಅಲ್ಲೇ ಇರು,” ಎಂದರು. ಅರ್ಜಿದಾರಳಿಗೆ ನಿಜಕ್ಕೂ ಹೆದರಿಕೆಯಾಗಿದೆ.

೫. ಶ್ರೀ ಅಮೂಜು ಅವರು ತಮ್ಮ ಚಹಾದ ಕೆಟಲಿನ ಪ್ಲಗ್ಗು ಕಿತ್ತು ಪೆಟ್ಟಿಗೆಗೆ ಕರೆಂಟು ಕೊಟ್ಟಿದ್ದಾರೆ. ಅವರ ಹೊಟ್ಟೆ ತಣ್ಣಗಿರಲಿ. ಇಂದು ಹತ್ತೊಂಬತ್ತನೇ ದಿನ; ಇಪ್ಪತ್ತೊಂದಕ್ಕೆ, ಅಂದರೆ ಗುರುವಾರ, ಮರಿ ಹೊರಬರುತ್ತವೆ. ಬೆಳಿಗ್ಗೆಯಿಂದ ಚಿಪ್ಪಿನೊಳಗೆ ಚಿಂವ್‌ಚಿಂವ್ ಸದ್ದು ಕೇಳುತ್ತಿದ್ದು, ಶ್ರೀ ಅಮೂಜು ಅವರು ಕಿವಿಯಾನಿಸಿ “ಏನ್ರಪ್ಪಾ, ಸೆಕೆನಾ?” ಎಂದು ಮಾತಾಡಿಸುತ್ತಿದ್ದಾರೆ.

ಆದ್ದರಿಂದ, ನಾಲ್ವರ ಹೆಸರನ್ನೂ ಆ ಒಂದೇ ಗೆರೆಯಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡು ಪೆಟ್ಟಿಗೆಯನ್ನು ಬಿಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಮೊಟ್ಟೆಗಳ ಪರವಾಗಿಯೂ,
ಅಕ್ಪೆನೆ ಡೊಗ್ಬೆ

ಲಗತ್ತು:
ಹುಂಜದ ಗರಿ ಒಂದು (ಮರಣ ಪ್ರಮಾಣಪತ್ರದ ಬದಲಿಗೆ)
ನಾಲ್ವರೂ ‘ನಾನಲ್ಲ’ ಎಂದ ಹೇಳಿಕೆಗಳು (ಫೋನಿನಲ್ಲಿ ಹೇಳಿದ್ದನ್ನು ಅರ್ಜಿದಾರಳೇ ಬರೆದುಕೊಂಡದ್ದು)

ವಿ.ಸೂ.: ಕೋಳಿಮರಿ ಕಣ್ಣುಬಿಟ್ಟಾಗ ಮೊದಲು ಕಂಡವರನ್ನೇ ತಾಯಿ ಎಂದು ನಂಬಿ ಹಿಂಬಾಲಿಸುತ್ತದೆ. ಕಡತ ಗುರುವಾರ ದಾಟಿದಲ್ಲಿ, ಶ್ರೀ ಅಮೂಜು ಅವರನ್ನು ಮರಿಗಳು ರೆಕ್ಕೆ ಬಲಿಯುವವರೆಗೆ ನಿಯೋಜನೆ ಮೇರೆಗೆ ನಮ್ಮೂರಿಗೆ ಕಳಿಸಿಕೊಡಬೇಕಾಗಿ ಕೋರಿಕೆ. ಊಟ, ವಸತಿ ಅತ್ತೆಯವರದು.