ಯಾರೂ ಕೇಳದ ಏಸಾ ಟ್ಯಾಲೋ

ತೊಂದರೆಗೆ ಮೂಲ ಒಂದು ಬಿರುಕು. ಅದರ ಉದ್ದ ಸುಮಾರು ಆರು ಅಂಗುಲ. ರೆಕಾರ್ಡಿನ ಅಂಚಿನಿಂದ ಹೊರಟು, ಒಂದು ಹಾಡನ್ನೂ ಬಿಡದೆ ಎಲ್ಲವನ್ನೂ ಸೀಳಿಕೊಂಡು, ನಡುವಿನ ತೂತಿಗೆ ಬಂದು ನಿಂತಿತ್ತು. 1994ರ ಅಕ್ಟೋಬರಿನ ಮೂರನೆಯ ಶನಿವಾರ, ಬೆಳಗಿನ ಏಳು ಗಂಟೆಗೆ, ಹಿಂದಿನ ಸಂಜೆ ಅಂಚೆಯಲ್ಲಿ ಬಂದಿದ್ದ ಪೊಟ್ಟಣವನ್ನು ಬಿಚ್ಚಿದ ಲೋವೆಲ್ ಸ್ಟ್ಯಾಂಪರ್ ಆ ಬಿರುಕನ್ನು ನೋಡಿ, ಕೈಯಲ್ಲಿದ್ದ ಕಾಫಿಯನ್ನು ಕುಡಿಯುವುದೋ ಕೆಳಗಿಡುವುದೋ ತಿಳಿಯದೆ ನಿಂತುಬಿಟ್ಟ.

ಲೋವೆಲ್, ಮ್ಯಾಲರ್ಡ್ ಗ್ಯಾಪ್ ಎಂಬ ಊರಿನ ನೀರಿನ ಮೀಟರ್ ಓದುವವನು. ಅಮೆರಿಕದ ಕೆಂಟಕಿಯ ಪೂರ್ವದ ಗುಡ್ಡಗಳ ನಡುವೆ ಸಿಕ್ಕಿಕೊಂಡಿರುವ ಆ ಊರಿನಲ್ಲಿ ವಾರಕ್ಕೆ ಐದು ದಿನ ಅವನನ್ನು ನಾಯಿಗಳು ಮಾತ್ರ ಗುರುತಿಸುತ್ತಿದ್ದವು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮನುಷ್ಯರೂ ಗುರುತಿಸುತ್ತಿದ್ದರು. ಆ ಒಂದು ಗಂಟೆ, ಊರಿನ ಪುಟ್ಟ ರೇಡಿಯೋ ನಿಲಯದಲ್ಲಿ, ‘ಕೇಳದ ದನಿ’ ಎಂಬ ಅವನ ಕಾರ್ಯಕ್ರಮ. ತಾವೇ ಹಾಡು ಕಟ್ಟಿ, ತಾವೇ ಗಿಟಾರ್ ಹಿಡಿದು ಹಾಡಿ, ಇನ್ನೂರೋ ಮುನ್ನೂರೋ ರೆಕಾರ್ಡ್ ಒತ್ತಿಸಿ, ಅವು ಖರ್ಚಾಗದೆ ಮಂಚದ ಕೆಳಗೆ ಧೂಳು ತಿನ್ನಲು ಬಿಟ್ಟ ಗಾಯಕರನ್ನು ಅವನು ಹಳೆಯ ಸಾಮಾನಿನ ಸಂತೆಗಳಲ್ಲಿ ಹುಡುಕಿ ತಂದು ಊರಿಗೆ ಕೇಳಿಸುತ್ತಿದ್ದ. ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು: ಹೆಸರು, ಊರು, ವರ್ಷ, ಗಿಟಾರಿನ ಶ್ರುತಿ. ಮೂರು ವರ್ಷದಲ್ಲಿ ನೂರ ಐವತ್ತೊಂದು ಕಾರ್ಡುಗಳು ತುಂಬಿದ್ದವು.

ಮೊದಲ ವಾರವೇ, ಧೈರ್ಯ ಹೆಚ್ಚಾಗಿ, ಅವನು ಮೈಕಿನ ಮುಂದೆ ಒಂದು ನಿಯಮವನ್ನು ಘೋಷಿಸಿಬಿಟ್ಟಿದ್ದ. ತಾನು ಕೇಳಿಸುವ ಗಾಯಕನನ್ನು ಈ ಊರಿನಲ್ಲಿ ಯಾರಾದರೂ ಮೊದಲೇ ಕೇಳಿದ್ದು ಸಾಬೀತಾದರೆ, ಅಂದಿನಿಂದ ಆ ಗಂಟೆ ಅವರದು. ಅವನೇ ಮಾಡಿದ ನಿಯಮ. ನಿಲಯದ ಮೇಲ್ವಿಚಾರಕಿ ನೋರೀನ್ ಪ್ರೇಟರ್ ಅದನ್ನು ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದ್ದಳು.

ಈಗ ನೂರ ಐವತ್ತೆರಡನೆಯ ಗಾಯಕ ಸೀಳಿಹೋಗಿದ್ದ. ಉಳಿದಿದ್ದು ಮೂರು ಗಂಟೆ.

ಲೋವೆಲ್ ತರ್ಕಬದ್ಧವಾಗಿ ಯೋಚಿಸುವ ಮನುಷ್ಯ. ಗೊತ್ತಿರುವ ಗಾಯಕನನ್ನು ಹಾಕಿದರೆ ಯಾರಾದರೂ ಕೇಳಿರುತ್ತಾರೆ. ಗೊತ್ತಿಲ್ಲದ ಗಾಯಕ ಮೂರು ಗಂಟೆಯಲ್ಲಿ ಸಿಗುವುದಿಲ್ಲ. ಆದರೆ ಹುಟ್ಟೇ ಇಲ್ಲದ ಗಾಯಕನನ್ನು ಕೇಳಿರಲು ಭೂಮಿಯ ಮೇಲೆ ಯಾರಿಗೂ ಸಾಧ್ಯವಿಲ್ಲ. ಈ ಮೂರನೆಯ ವಾಕ್ಯವನ್ನು ಅವನು ಎರಡು ಸಲ ಪರೀಕ್ಷಿಸಿದ; ಎಲ್ಲಿಯೂ ದೋಷ ಕಾಣಲಿಲ್ಲ.

ಯಾರ ಮುಂದೆಯೂ ಹಾಡದೆ ಉಳಿಸಿಕೊಂಡಿದ್ದ ತನ್ನದೇ ಹಾಡೊಂದಿತ್ತು. ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು, ಗಿಟಾರಿನ ತಂತಿಗಳನ್ನು ತುಸು ಸಡಿಲಿಸಿ, ಸವೆದ ಕ್ಯಾಸೆಟ್ಟಿನ ಮೇಲೆ ಅದನ್ನು ಹಾಡಿದ:

“ಹೊಳೆಯ ಆಚೆ ದೀಪವಿದೆ, ತೂಗುಸೇತುವೆ ಮುರಿದಿದೆ;
ಕೂಗಿದರೆ ನೀ ಕೇಳುವೆ, ಕೂಗಲು ನನಗೆ ನಾಚಿಕೆ.”

ಕ್ಯಾಸೆಟ್ಟಿನ ಮುಲುಕಾಟಕ್ಕೆ ಅವನ ದನಿ ಇಪ್ಪತ್ತು ವರ್ಷ ಹಳತಾಗಿ ಕೇಳಿಸಿತು. ಗಾಯಕನಿಗೆ ಏಸಾ ಟ್ಯಾಲೋ ಎಂದು ಹೆಸರಿಟ್ಟು, ಒಂದು ಹೊಸ ಕಾರ್ಡು ತುಂಬಿ, ಲೋವೆಲ್ ನಿಲಯಕ್ಕೆ ಹೊರಟ.

“ಏಸಾ ಟ್ಯಾಲೋ ಹುಟ್ಟಿದ್ದು 1950ರಲ್ಲಿ,” ಎಂದು ಹತ್ತೂಕಾಲಿಗೆ ಅವನು ಮೈಕಿಗೆ ಹೇಳಿದ. “ಹಾಡಿದ್ದು ಒಂದೇ ಸಲ, ಎಪ್ಪತ್ತೊಂದರಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಆಮೇಲೆ ಅವನನ್ನ ಯಾರೂ ನೋಡಿಲ್ಲ.” ಹೇಳಿ ಕ್ಯಾಸೆಟ್ಟಿನ ಗುಂಡಿ ಒತ್ತಿದ. ಹಾಡು ಮುಗಿದ ಮೇಲೆ, ವಾಡಿಕೆಯಂತೆ, ಮೊದಲೇ ಕೇಳಿದವರು ಇದ್ದರೆ ಫೋನ್ ಮಾಡಬಹುದು ಎಂದು ನಕ್ಕ. ನಗು ಮುಗಿಯುವ ಮೊದಲೇ ಫೋನ್ ಬಡಿದುಕೊಂಡಿತು.

“ಲೋವೆಲ್, ನಾನು ಕ್ಲೀಟಸ್.” ಕ್ಲೀಟಸ್ ಹಾಲ್‌ಬ್ರುಕ್ ಊರಿನ ಕ್ಷೌರಿಕ, ಅಂಗಡಿಯಲ್ಲಿ ಕನ್ನಡಿಗಿಂತ ಹೆಚ್ಚು ರೆಕಾರ್ಡುಗಳನ್ನು ಇಟ್ಟುಕೊಂಡವನು. “ಏಸಾನ್ನ ಯಾರೂ ನೋಡಿಲ್ಲ ಅಂತೀಯಲ್ಲ, ನಾಚಿಕೆ ಆಗಲ್ವೇನಯ್ಯ? ಅರವತ್ತೊಂಬತ್ತರಲ್ಲಿ ನನ್ನ ಕುರ್ಚೀಲೇ ಕೂತು ಈ ಹಾಡು ಹಾಡಿದಾನೆ!”

“ಯಾವ ಏಸಾ?” ಎಂದ ಲೋವೆಲ್.

“ಏಸಾ ಟ್ಯಾಲೋ ಕಣಯ್ಯ! ನೀನೇ ಈಗ ಹೇಳಿದ್ದಲ್ವ? ಎಡಗೈಯವನು. ಎಡಗಿವಿ ಹಿಂದೆ ಸುಳಿ ಇತ್ತು.”

ಫೋನ್ ಇಟ್ಟ ಕೂಡಲೇ ಮತ್ತೊಂದು ಬಂತು. ನಿವೃತ್ತ ಶಾಲಾ ಶಿಕ್ಷಕಿ ಬ್ಯೂಲಾ ಫ್ಯೂಗೇಟ್. “ಲೋವೆಲ್ ಮಗೂ, ಆ ಹುಡುಗ ಅರವತ್ತಾರರಲ್ಲಿ ನಮ್ಮ ತಂಗೀನ ಇಷ್ಟಪಟ್ಟಿದ್ದ. ನಮ್ಮ ಜಗಲಿ ಮೇಲೆ ಕೂತು ಹಾಡಿದ ಹಾಡು ಅದು. ಆಗ ಇನ್ನೂ ಚೆನ್ನಾಗಿ ಹಾಡ್ತಿದ್ದ, ಬಿಡು.”

ಹನ್ನೊಂದು ಗಂಟೆಯ ಹೊತ್ತಿಗೆ ಹನ್ನೊಂದು ಫೋನ್‌ಗಳು ಬಂದಿದ್ದವು. ಏಸಾನ ಪರಿಚಯ ಹರಾಜಿನಲ್ಲಿ ಆಕಳಿನ ಬೆಲೆ ಏರುವಂತೆ, ಒಂದೊಂದು ಫೋನಿಗೂ ಇನ್ನಷ್ಟು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಕೊನೆಯದು ಪಾದ್ರಿ ಬ್ರದರ್ ಹೋಬರ್ಟ್ ಅವರದು. 1958ರಲ್ಲಿ ಏಸಾನನ್ನು ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ್ದು ತಾವೇ, ಮೇಲೆ ಬಂದ ಕೂಡಲೇ ಅವನು ಹಾಡಿದ, ಎಂದರು.

“ಆಗ ಅವನಿಗೆ ಎಂಟು ವರ್ಷ, ಬ್ರದರ್!”

“ದೇವರು ಕೊಟ್ಟ ಕಂಠಕ್ಕೆ ವಯಸ್ಸೇನು ಮಗನೇ.”

ನೋರೀನ್ ಗಾಜಿನ ಆಚೆಯಿಂದ ಕೈ ಚಪ್ಪಾಳೆ ತಟ್ಟುತ್ತ ಒಳಗೆ ಬಂದಳು. “ಒಂದೇ ದಿನಕ್ಕೆ ಹನ್ನೊಂದು ಫೋನು, ಲೋವೆಲ್! ಹೋದ ವರ್ಷ ಪೂರ್ತಿ ಬಂದಿದ್ದು ಒಂಬತ್ತು. ಅದರಲ್ಲಿ ಐದು ರಾಂಗ್ ನಂಬರು. ಆದ್ರೆ ನಿಯಮ ನಿಯಮಾನೇ, ಅಲ್ವಾ? ಮಧ್ಯಾಹ್ನ ಊಟಕ್ಕೆ ಎಲ್ಲರೂ ಬರ್ತಾರೆ. ಯಾರು ಮೊದಲು ಕೇಳಿದ್ದು ಅಂತ ಅಲ್ಲೇ ತೀರ್ಮಾನ ಮಾಡೋಣ. ಅವರಿಗೆ ಗಂಟೆ.”

“ನೋರೀನ್, ಅವರು ಯಾರೂ ಕೇಳಿರೋಕೆ ಸಾಧ್ಯಾನೇ ಇಲ್ಲ.”

“ಯಾಕೆ?”

ಲೋವೆಲ್ ಬಾಯಿ ತೆರೆದ. ಉತ್ತರ ಹೇಳಿದರೆ ಮೂರು ವರ್ಷದ ಮಾನ ಹೋಗುತ್ತದೆ. ಹೇಳದಿದ್ದರೆ ಗಂಟೆ ಹೋಗುತ್ತದೆ. ಎರಡನ್ನೂ ತೂಗಿ ನೋಡುವಷ್ಟರಲ್ಲಿ ನೋರೀನ್ ಹುರುಳಿಕಾಯಿಯ ಪಾತ್ರೆ ಬಿಸಿಮಾಡಲು ಹೋಗಿಬಿಟ್ಟಿದ್ದಳು.

ತಿಂಗಳ ಮೂರನೆಯ ಶನಿವಾರ ನಿಲಯದ ಕೆಳಗಿನ ಹಾಲಿನಲ್ಲಿ, ಮನೆಗೊಂದು ಪಾತ್ರೆಯಂತೆ ತಂದು ಹಂಚಿಕೊಂಡು ಉಣ್ಣುವುದು ಊರಿನ ವಾಡಿಕೆ. ಅಂದು ಪಾತ್ರೆಗಳ ಜೊತೆಗೆ ಸಾಕ್ಷ್ಯಗಳೂ ಬಂದವು. ಕ್ಲೀಟಸ್ ಒಂದು ತುಕ್ಕು ಹಿಡಿದ ಕತ್ತರಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಬ್ಯೂಲಾ ಜಗಲಿಯ ಫೋಟೋ ತಂದಿದ್ದಳು. ಅದರಲ್ಲಿ ಜಗಲಿ ಸ್ಪಷ್ಟವಾಗಿತ್ತು, ಏಸಾ ಇರಲಿಲ್ಲ. “ಅವನು ಆಗಷ್ಟೇ ಎದ್ದು ಹೋಗಿದ್ದ,” ಎಂದಳು.

“ಅವನಿಗೆ ಬಲಗಣ್ಣು ಕಾಣ್ತಿರಲಿಲ್ಲ, ಪಾಪ,” ಎಂದರು ಬ್ರದರ್ ಹೋಬರ್ಟ್.

“ಎಡಗಣ್ಣು!” ಎಂದ ಕ್ಲೀಟಸ್. “ಕ್ಷೌರ ಮಾಡಿದ ನನಗಿಂತ ನಿಮಗೆ ಜಾಸ್ತಿ ಗೊತ್ತಾ?”

“ನೀರಿನಿಂದ ಎತ್ತಿದವನು ನಾನಪ್ಪ.”

“ಎತ್ತಿದ್ದು ಸರಿಯಾಗಿದ್ರೆ ಕಣ್ಣಿಗೆ ನೀರು ಹೋಗ್ತಿರಲಿಲ್ಲ!”

ಆದರೂ ಸುಳ್ಳುಗಳಿಗೆ ಒಂದು ವಿಚಿತ್ರ ಸ್ನೇಹಗುಣವಿದೆ. ಮೆಕ್ಕೆಜೋಳದ ಕಾರ್ನ್‌ಬ್ರೆಡ್ ಮುಗಿಯುತ್ತ ಬಂದ ಹೊತ್ತಿಗೆ ಅವು ಒಂದನ್ನೊಂದು ಆತುಕೊಂಡು ನಿಂತಿದ್ದವು. ಒಂದು ಕಣ್ಣು ಮೊದಲು ಹೋಯಿತು, ಇನ್ನೊಂದು ಆಮೇಲೆ, ಎಂದು ರಾಜಿಯಾಯಿತು. ಏಸಾನ ನೆನಪಿಗೆ ಹೊಳೆಯ ಬಳಿ ಒಂದು ಕಲ್ಲು ನಿಲ್ಲಿಸಲು ಸಮಿತಿಯೂ ರಚನೆಯಾಯಿತು. ಅದರಲ್ಲಿ ಲೋವೆಲ್‌ಗೆ ಸ್ಥಾನವಿರಲಿಲ್ಲ. ಏಸಾನನ್ನು ಅವನು ಕೇಳಿದ್ದು ತೀರಾ ಇತ್ತೀಚೆಗೆ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು.

“ಹುಟ್ಟಿದ ವರ್ಷಾನೂ ತಪ್ಪು ಹೇಳಿದೀಯ,” ಎಂದು ಬ್ಯೂಲಾ ಮೃದುವಾಗಿ ಗದರಿದಳು. “ಗೊತ್ತಿಲ್ಲದಿದ್ರೆ ಗೊತ್ತಿರೋರನ್ನ ಕೇಳಬೇಕು, ಮಗೂ.”

ಲೋವೆಲ್‌ನ ತಾಳ್ಮೆಯ ಮೀಟರ್ ಅಲ್ಲಿಗೆ ಕೊನೆಯ ಅಂಕಿ ಮುಟ್ಟಿತು. ಅವನು ಎದ್ದು ನಿಂತ.

“ಏಸಾ ಟ್ಯಾಲೋ ಅನ್ನೋನು ಇಲ್ಲ! ಹುಟ್ಟೇ ಇಲ್ಲ! ಬೆಳಿಗ್ಗೆ ಏಳೂವರೆಗೆ ನಾನು ಅವನನ್ನ ಮಾಡಿದೆ. ರೆಕಾರ್ಡು ಒಡೆದುಹೋಗಿತ್ತು, ಅದಕ್ಕೆ. ಹಾಡಿದ್ದು ನಾನೇ!”

ಹಾಲಿನಲ್ಲಿ ಕರುಣೆ ಹರಡಿತು.

“ಹೊಟ್ಟೆಕಿಚ್ಚು ಒಳ್ಳೇದಲ್ಲ, ಲೋವೆಲ್,” ಎಂದರು ಬ್ರದರ್ ಹೋಬರ್ಟ್.

“ಸತ್ತಿರೋನ ಹಾಡನ್ನ ನಂದು ಅಂತೀಯಲ್ಲೋ!” ಎಂದ ಕ್ಲೀಟಸ್.

ಮಾತಿನಿಂದ ಪ್ರಯೋಜನವಿಲ್ಲವೆಂದು ಲೋವೆಲ್ ಗೋಡೆಗೆ ಒರಗಿಸಿದ್ದ ನಿಲಯದ ಗಿಟಾರನ್ನು ತೆಗೆದುಕೊಂಡ. ನಲವತ್ತನಾಲ್ಕು ವರ್ಷದ ಬದುಕಿನಲ್ಲಿ ಮೊದಲ ಬಾರಿ, ಜನರ ಮುಂದೆ, ಕಣ್ಣು ಮುಚ್ಚಿಕೊಂಡು ಹಾಡಿದ. ಮೂರನೆಯ ಸಾಲಿನಲ್ಲಿ ದನಿ ಮೇಲೇರಬೇಕಾದಲ್ಲಿ ಕ್ಯಾಸೆಟ್ಟಿನಲ್ಲಿ ಒಡೆದಂತೆಯೇ ಒಡೆಯಿತು. ಎರಡು ಚರಣ ಮುಗಿಸಿ ಕಣ್ಣು ತೆರೆದಾಗ ಎಲ್ಲರೂ ತಮ್ಮ ತಮ್ಮ ತಟ್ಟೆಯನ್ನು ಅಲ್ಲಿ ಏನೋ ಬರೆದಿದೆ ಎಂಬಂತೆ ನೋಡುತ್ತಿದ್ದರು. ಕ್ಲೀಟಸ್ ಕತ್ತರಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

ನೋರೀನ್ ಗಂಟಲು ಸರಿಮಾಡಿಕೊಂಡಳು. “ಹಾಗಾದ್ರೆ ಏಸಾ ಅಂದ್ರೆ ಲೋವೆಲ್ಲು. ನೀವು ಹನ್ನೊಂದು ಜನಾನೂ ಅವನನ್ನ ಕೇಳಿಲ್ಲ.”

“ನಿಲ್ಲಮ್ಮ,” ಎಂದ ಕ್ಲೀಟಸ್. “ಇವನೇ ಏಸಾ ಆದ್ರೆ, ಇವನ ಕೂದಲು ಕತ್ತರಿಸೋನು ನಾನೇ ತಾನೆ? ನನ್ನ ಕುರ್ಚೀಲಿ ಕೂತಿದಾನೆ ಅಂದಿದ್ದು ನಿಜಾನೇ ಆಯ್ತಲ್ಲ!”

“ಕೇಳಿದ್ದು ಲೆಕ್ಕ ಕ್ಲೀಟಸ್, ಕತ್ತರಿಸಿದ್ದಲ್ಲ. ಕುರ್ಚೀಲಿ ಹಾಡಿದ್ನಾ?”

“ನನ್ನ ಕುರ್ಚೀಲಿ ನಾನೊಬ್ಬನೇ ಮಾತಾಡೋದು,” ಎಂದು ಕ್ಲೀಟಸ್ ಒಪ್ಪಿಕೊಂಡು ಕೂತ.

“ಸರಿ. ಈ ಗಾಯಕನನ್ನ ಊರಲ್ಲಿ ಯಾರೂ ಮೊದಲು ಕೇಳಿಲ್ಲ. ಗಂಟೆ ಲೋವೆಲ್‌ದೇ.”

ಲೋವೆಲ್‌ನ ಎದೆಯಿಂದ ಹೊರಟ ನಿಟ್ಟುಸಿರಿಗೆ ಮೇಜಿನ ಕಾಗದದ ಕರವಸ್ತ್ರಗಳು ಅಲುಗಿದವು. ಮಾನ ಹೋಗಿದ್ದರೂ ಗಂಟೆ ಉಳಿದಿತ್ತು. ಅವನ ತರ್ಕ, ಸುತ್ತು ದಾರಿಯಲ್ಲಿಯೇ ಆದರೂ, ಸರಿಯಾದ ಉತ್ತರಕ್ಕೆ ಬಂದು ಮುಟ್ಟಿತ್ತು. ಅವನು ತಟ್ಟೆ ಹಿಡಿದು ಕಾರ್ನ್‌ಬ್ರೆಡ್ಡಿನ ಉಳಿದ ತುಂಡಿನ ಕಡೆ ನಡೆದ.

“ಒಂದು ನಿಮಿಷ,” ಎಂಬ ದನಿ ಮೇಜಿನ ತುದಿಯಿಂದ ಬಂತು.

ಸೇಬಿನ ಕೇಕನ್ನು ಕತ್ತರಿಸುತ್ತಿದ್ದವಳು ಓಪಲ್ ಕೂಂಬ್ಸ್. ಲೋವೆಲ್‌ನ ಪಕ್ಕದ ಮನೆಯ ಎಪ್ಪತ್ತೆಂಟರ ವಿಧವೆ; ಊರವರ ಬಾಯಲ್ಲಿ, ಗೌರವಕ್ಕೆ, ‘ಮಿಸ್ ಓಪಲ್’. ಆಕೆಗೆ ರೇಡಿಯೋ ಕೇಳುವ ಅಭ್ಯಾಸವಿರಲಿಲ್ಲ. ಇಷ್ಟು ಹೊತ್ತು ಏಸಾ ಎಂಬ ಯಾರೋ ತೀರಿಕೊಂಡಿದ್ದಾರೆಂದು ಭಾವಿಸಿ ಮೌನವಾಗಿದ್ದಳು.

“ನೋರೀನ್, ಇವನೇ ಹಾಡುಗಾರ ಅಂತೀಯಾ?”

“ಹೌದು, ಮಿಸ್ ಓಪಲ್.”

“ಇವನನ್ನ ನಾನು ಕೇಳಿದೀನಲ್ಲ. ಹನ್ನೊಂದು ವರ್ಷದಿಂದ, ದಿನಾ ಬೆಳಿಗ್ಗೆ ಆರೂಕಾಲಿಗೆ. ಇವನ ಬಚ್ಚಲ ಕಿಟಕಿ ನನ್ನ ಅಡುಗೆಮನೆಗೆ ನೇರ ಅಲ್ವಾ.”

ಲೋವೆಲ್‌ನ ಕೈಯ ತಟ್ಟೆ ವಾಲಿತು. “ಮಿಸ್ ಓಪಲ್, ನೀರಿನ ಸದ್ದಲ್ಲಿ ಅದು ನಿಮಗೆ ಕೇಳಿಸಿರಲ್ಲ...”

“ಕೇಳಿಸಿರಲ್ವಾ? ಮೇಲಿನ ದನಿ ಒಡೆಯುತ್ತೆ, ಆಮೇಲೆ ನಲ್ಲಿ ನಿಲ್ಲಿಸ್ತೀಯ. ಆಮೇಲೆ ಮೂರನೇ ಚರಣ. ಅದನ್ನ ಇವತ್ತು ಯಾಕೆ ನುಂಗಿಬಿಟ್ಟೆ?” ಎಂದು ಆಕೆ ಚಾಕುವನ್ನು ಹಿಡಿದುಕೊಂಡೇ, ಅಡುಗೆಯ ಅಳತೆ ಹೇಳುವಂತೆ, ಹೇಳಿದಳು: “‘ನಾಚಿಕೆ ಬಿಟ್ಟು ಕೂಗಿದೆ ನಾನು, ನಿನ್ನ ಹೇಸರಗತ್ತೆ ಓಗೊಟ್ಟಿತು.’ ಆ ಸಾಲು ಚೆನ್ನಾಗಿದೆ. ಮಿಕ್ಕಿದ್ದು ಅಷ್ಟಕ್ಕಷ್ಟೆ.”

ಆ ಚರಣವನ್ನು, ಗಾಂಭೀರ್ಯ ಕೆಡುತ್ತದೆಂದು, ಲೋವೆಲ್ ಕ್ಯಾಸೆಟ್ಟಿಗೂ ಹಾಡಿರಲಿಲ್ಲ, ಹಾಲಿನಲ್ಲಿಯೂ ಹಾಡಿರಲಿಲ್ಲ. ನೋರೀನ್ ಅವನ ಮುಖವನ್ನು ನೋಡಿದಳು. ಸಾಕ್ಷ್ಯಕ್ಕೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

“ನಿಯಮ ನಿಯಮಾನೇ, ಲೋವೆಲ್,” ಎಂದಳು. “ಮಿಸ್ ಓಪಲ್, ಶನಿವಾರ ಹತ್ತು ಗಂಟೆ ನಿಮ್ಮದು. ಯಾವ ಹಾಡು ಹಾಕ್ತೀರಿ?”

“ಹಾಡು ಯಾಕೆ? ನನಗೆ ದಿನಾ ಸಿಗ್ತಿದೆಯಲ್ಲ. ಉಪ್ಪಿನಕಾಯಿ ಹಾಕೋದು ಹೇಗೆ ಅಂತ ಹೇಳ್ತೀನಿ.” ಆಕೆ ಲೋವೆಲ್‌ನ ತಟ್ಟೆಗೆ ಕೇಕಿನ ದೊಡ್ಡ ತುಂಡೊಂದನ್ನು ಹಾಕಿದಳು. “ಬೇಜಾರು ಮಾಡ್ಕೋಬೇಡ ಕಣಪ್ಪ. ನಿನ್ನನ್ನ ಕಂಡುಹಿಡಿದಿದ್ದು ನಾನೇ, ಅಷ್ಟು ಸಾಕು.”

ಈ ಮಾತಿಗೆ ಕ್ಲೀಟಸ್ ಕುರ್ಚಿಯಿಂದ ಅರ್ಧ ಎದ್ದ.

“ಕಂಡುಹಿಡಿದಿದ್ದು ನೀವಾ? ಸ್ವಲ್ಪ ತಾಳಿ, ಮಿಸ್ ಓಪಲ್. ಹನ್ನೊಂದು ವರ್ಷ ಏನು ಮಹಾ? ನಾನು ಎಪ್ಪತ್ತೊಂಬತ್ತರಲ್ಲೇ ಇವನ ಬಚ್ಚಲ ಕಿಟಕಿ ಕೆಳಗೆ ನಿಂತು ಕೇಳಿದೀನಿ!”

“ನಾನು ಎಪ್ಪತ್ತೇಳರಲ್ಲಿ,” ಎಂದಳು ಬ್ಯೂಲಾ. “ಆಗ ಇನ್ನೂ ಚೆನ್ನಾಗಿ ಹಾಡ್ತಿದ್ದ.”

ಬ್ರದರ್ ಹೋಬರ್ಟ್ ಕೈಯೆತ್ತಿ ತಮ್ಮ ಸರದಿ ಕಾಯತೊಡಗಿದರು. ನೋರೀನ್ ಪೆನ್ಸಿಲ್ ಹುಡುಕಿಕೊಂಡು ವರ್ಷಗಳನ್ನು ಬರೆದುಕೊಳ್ಳಲು ಕುಳಿತಳು.

ಲೋವೆಲ್ ಆ ಮನೆಗೆ ಬಂದದ್ದು 1983ರಲ್ಲಿ. ಅದನ್ನು ಹೇಳಲೆಂದು ಅವನು ಬಾಯಿ ತೆರೆದ. ಮತ್ತೆ ಒಮ್ಮೆ ಕ್ರಮವಾಗಿ ಯೋಚಿಸಿ, ತೆರೆದ ಬಾಯಿಗೆ ಕೇಕಿನ ತುಂಡನ್ನಿಟ್ಟು ಮುಚ್ಚಿಕೊಂಡ.